ಹಾಲಿನ ಲೆಕ್ಕದ ಪಕ್ಕದಲ್ಲಿ

ವೆಲ್ಡಿಂಗ್ ಕೆಲಸದವನಿಗೆ ಕಣ್ಣುನೋವು ಹೊಸದಲ್ಲ. ಅವಸರಕ್ಕೆ ಗ್ಲಾಸು ಹಿಡಿಯದೆ ನಾಲ್ಕು ಕಡೆ ಟ್ಯಾಕ್ ಹೊಡೆದರೆ ಸಾಕು, ರಾತ್ರಿ ಕಣ್ಣೊಳಗೆ ಮರಳು ಸುರಿದ ಹಾಗಾಗಿ ಎದ್ದು ಕೂರಬೇಕಾಗುತ್ತದೆ. ‘ಆರ್ಕ್ ಹೊಡೆದಿದೆ’ ಎನ್ನುತ್ತೇವೆ. ಆಲೂಗೆಡ್ಡೆಯನ್ನು ಬಿಲ್ಲೆಯಾಗಿ ಹೆಚ್ಚಿ ಕಣ್ಣ ಮೇಲಿಟ್ಟುಕೊಂಡು ಮಲಗುವುದು ನಮ್ಮ ಶೆಡ್ಡುಗಳ ಹಳೆಯ ಮದ್ದು. ಹಾಸನದಲ್ಲಿ ಆಲೂಗೆಡ್ಡೆಗೆ ಬರವೇ? ಹಾಗಾಗಿ 2014ರ ಅಕ್ಟೋಬರ್‌ನ ಒಂದು ರಾತ್ರಿ ಬಲಗಣ್ಣಿನ ನೋವಿಗೆ ಎಚ್ಚರವಾದಾಗ ಹೆಂಡತಿಗೆ ನಾನು ಹೇಳಿದ್ದು ಒಂದೇ ಮಾತು: ‘ಆಲೂಗೆಡ್ಡೆ ಹೆಚ್ಚು.’ ಹೆಚ್ಚಿ ತಂದಳು. ಕಣ್ಣ ಮೇಲಿಟ್ಟ ಬಿಲ್ಲೆಯನ್ನು ಎರಡನೇ ನಿಮಿಷಕ್ಕೆ ಗೋಡೆಗೆ ಎಸೆದೆ. ಆಗ ಗಂಟೆ ಒಂದೂ ನಲವತ್ತು.

ಆರ್ಕ್ ಹೊಡೆದರೆ ಎರಡೂ ಕಣ್ಣು ಉರಿಯುತ್ತವೆ. ಇದು ಒಂದೇ ಕಣ್ಣು, ಅದೂ ಕಣ್ಣಿನ ಹಿಂದೆ. ಕೆಂಪಗೆ ಕಾಯಿಸಿದ ರಿವೆಟ್ಟನ್ನು ತೂತಿಗೆ ಇಳಿಸಿ ಆಚೆಯಿಂದ ಸುತ್ತಿಗೆಯಲ್ಲಿ ಅದರ ತಲೆ ತಟ್ಟುತ್ತಾರಲ್ಲ, ಹಾಗೆ. ಬಲಗಣ್ಣಿನಿಂದ ದಳದಳ ನೀರು. ಬಲಮೂಗು ಮೊದಲು ಕಟ್ಟಿಕೊಂಡಿತು, ಆಮೇಲೆ ಸುರಿಯತೊಡಗಿತು. ಬಲರೆಪ್ಪೆ ಜೋತುಬಿತ್ತು, ಹಣೆಯ ಬಲಭಾಗ ಬೆವರಿತು. ಮುಖದ ಎಡಭಾಗಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ಮಲಗಿದರೆ ಪ್ರಾಣ ಹೋದಂತಾಗುತ್ತಿತ್ತು. ನಡುಮನೆಯಿಂದ ಹಿತ್ತಲಿನ ಒಗೆಯುವ ಕಲ್ಲಿನವರೆಗೆ, ಅಲ್ಲಿಂದ ನಡುಮನೆಗೆ, ಎಷ್ಟು ಸಲ ತಿರುಗಿದೆನೋ. ಎರಡೂ ಐವತ್ತಕ್ಕೆ ಯಾರೋ ಮೇನ್ ಸ್ವಿಚ್ ಆರಿಸಿದ ಹಾಗೆ ನಿಂತಿತು. ಬೆಳಿಗ್ಗೆ ಎದ್ದು ಗೇಟು ಕೂರಿಸಲು ಸಾಲಗಾಮೆ ರಸ್ತೆಗೆ ಹೋದೆ, ಏನೂ ಆಗಿಲ್ಲದವನಂತೆ. ಮರುದಿನ ರಾತ್ರಿ ಮತ್ತೆ ಒಂದೂ ನಲವತ್ತು.

ಆರು ವಾರ ಹೀಗೆ ನಡೆಯಿತು. ನಂತರ ಹೇಳದೆ ಕೇಳದೆ ಹೋಯಿತು. ಮರುವರ್ಷ ಅದೇ ಕಾಲಕ್ಕೆ ಬಂತು.

ಅದೇ ಕಾಲ ಎಂದರೆ ಹಾಸನದವರಿಗೆ ಒಂದೇ ಅರ್ಥ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿ ಆಗುತ್ತಿದ್ದಂತೆ ಮುಚ್ಚುತ್ತದೆ; ಮತ್ತೆ ವರ್ಷದವರೆಗೆ ತೆರೆಯುವುದಿಲ್ಲ. ನನ್ನ ತಲೆನೋವೂ ಹಾಗೆಯೇ ವರ್ಷಕ್ಕೊಂದು ಸಲ ಬಾಗಿಲು ತೆರೆಯುತ್ತದೆಂದು ಅವ್ವ ಲೆಕ್ಕ ಹಾಕಿದಳು. ಯಾವುದೋ ಹರಕೆ ಬಾಕಿಯಿದೆ ಎಂದಳು. ಹರಕೆ ತೀರಿಸಿದೆವು. ಸರದಿಯಲ್ಲಿ ಐದು ಗಂಟೆ ನಿಂತು ದರ್ಶನ ಮಾಡಿ ಬಂದ ರಾತ್ರಿ ಎರಡು ಸಲ ಬಂತು. ಅವ್ವ ಆ ವಿಷಯ ಮತ್ತೆ ಎತ್ತಲಿಲ್ಲ, ಆದರೆ ಬಿಟ್ಟೂ ಕೊಡಲಿಲ್ಲ.

ಹರಕೆಯನ್ನೇ ಏಕೆ ದೂರಲಿ, ಡಾಕ್ಟರುಗಳ ಕಡೆ ಖರ್ಚಾದದ್ದು ಅದಕ್ಕಿಂತ ಹೆಚ್ಚು. ಮೂಗು ಕಟ್ಟುತ್ತದೆ ಎಂದಿದ್ದಕ್ಕೆ ಸೈನಸ್ ಎಂದರು. ಎಕ್ಸ್‌ರೇ ಆಯಿತು, ಆಂಟಿಬಯೋಟಿಕ್ ಮೂರು ಕೋರ್ಸ್ ಆಯಿತು, ಆವಿ ಹಿಡಿದು ಹಿಡಿದು ಮುಖದ ಚರ್ಮ ಸುಲಿಯಿತು. ಆರು ವಾರ ಮುಗಿದು ನೋವು ತಾನಾಗಿ ನಿಂತಾಗ ಮೂರನೇ ಕೋರ್ಸ್ ಗುಣ ಕೊಟ್ಟಿತು ಎಂದುಕೊಂಡೆವು. ಮರುವರ್ಷ ನೋವು ಮೇಲ್ದವಡೆಗೂ ಹರಡಿದಾಗ ಹಲ್ಲಿನದ್ದಿರಬೇಕೆಂದು ಒಂದು ದವಡೆ ಹಲ್ಲು ಕೀಳಿಸಿಕೊಂಡೆ. ಒಳ್ಳೆಯ ಹಲ್ಲು ಅದು. ಈಗಲೂ ಕಬ್ಬು ಜಗಿಯುವಾಗ ನೆನಪಾಗುತ್ತದೆ. ಇನ್ನೊಬ್ಬರು ಮೈಗ್ರೇನ್ ಎಂದು ಹೇಳಿ ಕತ್ತಲೆ ಕೋಣೆಯಲ್ಲಿ ಸದ್ದಿಲ್ಲದೆ ಮಲಗಿರಿ ಎಂದರು. ಮಲಗಲು ಆಗುವುದಿಲ್ಲ ಸ್ವಾಮಿ, ಓಡಾಡಬೇಕು, ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸುತ್ತದೆ ಎಂದರೆ ಅದನ್ನು ಅವರು ಬರೆದುಕೊಳ್ಳಲೇ ಇಲ್ಲ. ನನ್ನ ರೋಗದ ಹೆಸರು ಆ ಒಂದು ಮಾತಿನಲ್ಲಿಯೇ ಇತ್ತೆಂದು ತಿಳಿದದ್ದು ಬಹಳ ತಡವಾಗಿ.

ಕುಡಿತದ ಮಾತನ್ನೂ ಮುಚ್ಚಿಡುವುದಿಲ್ಲ. ಆಯುಧಪೂಜೆಯ ದಿನ ಶೆಡ್ಡಿನ ಹುಡುಗರ ಜತೆ ಒಂದು ಗ್ಲಾಸು ಹಾಕುವುದು ನಮ್ಮಲ್ಲಿ ಪೂಜೆಯಷ್ಟೇ ಹಳೆಯದು. ನೋವಿನ ಕಾಲ ಶುರುವಾದ ಮೇಲೆ ಅರ್ಧ ಗ್ಲಾಸು ಒಳಗೆ ಹೋದರೆ ಮುಕ್ಕಾಲು ಗಂಟೆಯೊಳಗೆ ರಿವೆಟ್ ಕಾಯುತ್ತಿತ್ತು. ಉಳಿದ ಹತ್ತು ತಿಂಗಳು ಎಷ್ಟು ಕುಡಿದರೂ ಏನೂ ಇಲ್ಲ. ನೆಂಟರು ಮಾತ್ರ ಎಲ್ಲಕ್ಕೂ ಕುಡಿತವೇ ಕಾರಣ ಎಂದು ತೀರ್ಮಾನಿಸಿ ಹಗುರಾದರು.

2016ರಲ್ಲಿ ಒಂದು ರಾತ್ರಿ ಹಿತ್ತಲಿನ ಬಾವಿಕಟ್ಟೆಯ ಮೇಲೆ ಕೂತಿದ್ದೆ. ಕಲ್ಲು ತಣ್ಣಗಿದೆ ಎಂದು ಕೂತಿದ್ದೆನೋ, ಬೇರೆ ಯೋಚನೆಯಿತ್ತೋ ಎಂದು ಕೇಳಿದರೆ ಎರಡೂ ಇತ್ತು. ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಏನೂ ಕೇಳಲಿಲ್ಲ. ಬೆಳಿಗ್ಗೆ ಕಾಫಿ ಕೊಡುತ್ತಾ, ‘ರೀ, ಬಾವಿಗೊಂದು ಗ್ರಿಲ್ ಮಾಡಿ’ ಎಂದಳು. ಅಳತೆಯನ್ನು ತಾನೇ ದಾರದಲ್ಲಿ ಹಿಡಿದು ಗಂಟು ಹಾಕಿಟ್ಟಿದ್ದಳು. ಹನ್ನೆರಡು ಎಂಎಂ ಸರಳಿನಲ್ಲಿ ಮಾಡಿ ಕೂರಿಸಿದೆ. ಬೀಗದ ಕೈ ಇವತ್ತಿಗೂ ಅವಳ ಬಳಿಯೇ ಇದೆ.

ಕ್ಯಾಲೆಂಡರಿನ ಮೇಲೆ ಬರೆಯಲು ಶುರು ಮಾಡಿದ್ದು ಅದೇ ವಾರ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನದಿನದ ಚೌಕದೊಳಗೆ ಹಾಲಿನ ಲೆಕ್ಕ ಬರೆಯುವುದು ರೂಢಿ: ‘1’, ‘1½’, ಹಾಲು ಬಾರದ ದಿನ ಒಂದು ಅಡ್ಡಗೀಟು. ಅದರ ಪಕ್ಕದಲ್ಲಿ ಅವಳು ‘ತ’ ಎಂದು ಹಾಕಿ ಹೊತ್ತು ಬರೆದಳು. ‘ತ 1.40–2.55’. ‘ತ 1.45–2.30, 4.10–5’. ಹಗಲು ನಿದ್ದೆ ಮಾಡಿ ಬಂದರೆ ‘ತ’ದ ಸುತ್ತ ಒಂದು ಸೊನ್ನೆ. 2017ರಲ್ಲಿ ಒಂದೂ ‘ತ’ ಇಲ್ಲ. ಹೋಯಿತು ಎಂದುಕೊಂಡೆವು. 2018ರಲ್ಲಿ ಮರಳಿತು, ಬಡ್ಡಿ ಸಮೇತ.

ಆ ವರ್ಷ ನಮ್ಮ ಬಡಾವಣೆಗೆ ಹೊಸದಾಗಿ ಬಂದಿದ್ದ ಒಬ್ಬ ಎಳೆಯ ಡಾಕ್ಟರ ಬಳಿ ಹೋದೆವು. ನಾನು ಸೈನಸ್ಸಿನ ಫೈಲು ತೆಗೆದೆ. ಹೆಂಡತಿ ಮಡಚಿಟ್ಟಿದ್ದ ಕ್ಯಾಲೆಂಡರಿನ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಅವರು ಫೈಲನ್ನು ಮುಟ್ಟಲಿಲ್ಲ. ‘ತ’ಗಳನ್ನು ಬೆರಳಿನಲ್ಲಿ ಎಣಿಸುತ್ತಾ ಹೋದರು. ‘ಅಮ್ಮ, ಇದನ್ನು ಬರೆದದ್ದು ನೀವೇ?’ ಎಂದರು. ಬೆಂಗಳೂರಿನ ಒಬ್ಬ ನರರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟು, ‘ಈ ಹಾಳೆಗಳನ್ನು ಮರೆಯದೆ ತೆಗೆದುಕೊಂಡು ಹೋಗಿ’ ಎಂದು ಎರಡು ಸಲ ಹೇಳಿದರು.

ಶ್ರವಣಬೆಳಗೊಳದ ಮೇಲೆ ಹೋಗುವ ರೈಲು ಶುರುವಾಗಿ ಆಗ ಒಂದೂವರೆ ವರ್ಷವಾಗಿತ್ತು. ಬೆಳಗಿನ ಗಾಡಿ ಹತ್ತಿದೆವು. ರಾತ್ರಿ ನಿದ್ದೆಗೆಟ್ಟವನಿಗೆ ಕುಣಿಗಲ್ ದಾಟುವಷ್ಟರಲ್ಲಿ ಕಣ್ಣು ಎಳೆಯಿತು. ಎಳೆದದ್ದೇ ತಡ, ಶುರುವಾಯಿತು. ಬೋಗಿಯ ಈ ತುದಿಯಿಂದ ಆ ತುದಿಗೆ, ಕಣ್ಣಿನಲ್ಲಿ ಮೂಗಿನಲ್ಲಿ ಸುರಿಸಿಕೊಂಡು, ತಲೆಗೆ ಕೈ ಒತ್ತಿಕೊಂಡು ತಿರುಗುತ್ತಿದ್ದರೆ ಮಕ್ಕಳನ್ನು ತಾಯಂದಿರು ಹತ್ತಿರ ಎಳೆದುಕೊಂಡರು. ‘ಬೆಳಿಗ್ಗೆ ಬೆಳಿಗ್ಗೆಯೇ ಏರಿಸಿದ್ದಾನೆ’ ಎಂದು ಯಾರೋ ಹೇಳಿದ್ದು ನನ್ನ ಕಿವಿಗೂ ಬಿತ್ತು, ಇವಳ ಕಿವಿಗೂ ಬಿತ್ತು.

ಡಾಕ್ಟರ ಎದುರು ಕೂತಾಗ ಕಣ್ಣು ಇನ್ನೂ ಕೆಂಪಗಿತ್ತು, ರೆಪ್ಪೆ ಅರ್ಧ ಇಳಿದಿತ್ತು. ಅವರು ಕೇಳಿದ ಮೊದಲ ಪ್ರಶ್ನೆ: ‘ನೋವು ಬಂದಾಗ ಮಲಗುತ್ತೀರೋ, ಓಡಾಡುತ್ತೀರೋ?’ ನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಗಂಟಲು ಕಟ್ಟಿತು. ಉತ್ತರವನ್ನು ಹೆಂಡತಿಯೇ ಹೇಳಿದಳು.

‘ಕ್ಲಸ್ಟರ್ ತಲೆನೋವು’ ಎಂದರು. ಗೊಂಚಲು ಗೊಂಚಲಾಗಿ ಬರುವುದರಿಂದ ಆ ಹೆಸರು. ಒಂದೊಂದು ಸಲಕ್ಕೆ ಕಾಲು ಗಂಟೆಯಿಂದ ಮೂರು ಗಂಟೆ, ದಿನಕ್ಕೆ ಎಂಟು ಸಲದವರೆಗೂ ಬರಬಹುದು. ಕೆಲವು ವಾರ ಅಥವಾ ತಿಂಗಳು ಕಾಡಿ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಮಾಯವಾಗುತ್ತದೆ. ಸಾವಿರಕ್ಕೆ ಸುಮಾರು ಒಬ್ಬರಿಗೆ ಬರುವಂಥದ್ದು. ನಿದ್ದೆ, ಎಚ್ಚರ, ಹಗಲು, ಇರುಳು ಇವುಗಳ ಲೆಕ್ಕ ಇಡುವ ಹೈಪೋಥಲಾಮಸ್ ಎಂಬ ಭಾಗ ಮೆದುಳಿನ ಬುಡದಲ್ಲಿದೆಯಂತೆ; ನೋವಿನ ಹೊತ್ತಿನಲ್ಲಿ ಅದು ಚುರುಕಾಗುವುದನ್ನು 1998ರಲ್ಲೇ ಸ್ಕ್ಯಾನಿನಲ್ಲಿ ಕಂಡಿದ್ದಾರೆ. ಗಡಿಯಾರ ನೋಡಿದ ಹಾಗೆ ಒಂದೂ ನಲವತ್ತಕ್ಕೇ ಏಕೆ ಎಂಬುದಕ್ಕೆ ಸಿಕ್ಕ ಮೊದಲ ಕಾರಣ ಇದು. ಬೇರೇನೂ ಅಡಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಎಂಆರ್‌ಐ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ. ಕೊನೆಗೆ ಹೆಂಡತಿಯನ್ನು ಹೊರಗೆ ಕಳಿಸದೆ, ದನಿ ಏರಿಸದೆ, ‘ಸಾಯಬೇಕು ಎನಿಸಿದ್ದಿದೆಯೇ?’ ಎಂದು ಕೇಳಿದರು. ಬಾವಿಯ ಗ್ರಿಲ್ಲಿನ ಕಥೆ ಹೇಳಿದೆವು. ಈ ನೋವಿನವರಲ್ಲಿ ಇದು ಅಪರೂಪವಲ್ಲ, ಕೇಳದಿದ್ದರೆ ತಪ್ಪಾಗುತ್ತದೆ ಎಂದರು. ಈಗಾದರೆ 14416ಕ್ಕೆ, ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಆಗ ಅದಿರಲಿಲ್ಲ. ಗ್ರಿಲ್ ಇತ್ತು.

ಔಷಧಿಯ ವಿಷಯಕ್ಕೆ ಬಂದಾಗ ಅವರು ಹೇಳಿದ್ದನ್ನು ಕೇಳಿ ನಾನು ನಕ್ಕುಬಿಟ್ಟೆ. ನೋವು ಶುರುವಾದ ತಕ್ಷಣ ಶುದ್ಧ ಆಮ್ಲಜನಕ ಉಸಿರಾಡಬೇಕಂತೆ. ಗ್ಯಾಸ್ ಕಟಿಂಗಿಗೆಂದು ಆಳೆತ್ತರದ ಆಕ್ಸಿಜನ್ ಸಿಲಿಂಡರ್ ನನ್ನ ಶೆಡ್ಡಿನ ಮೂಲೆಯಲ್ಲಿ ನಿಂತು ಎಷ್ಟು ವರ್ಷವಾಯಿತು! ನೋವು ತಿನ್ನುತ್ತಾ ಅದಕ್ಕೇ ಹಣೆ ಒತ್ತಿಕೊಂಡು ನಿಂತದ್ದೂ ಉಂಟು, ಉಕ್ಕು ತಣ್ಣಗಿರುತ್ತದೆಂದು. ವಿಷಯ ಹೇಳಿದ ಕೂಡಲೇ ಡಾಕ್ಟರು ಗಂಭೀರವಾದರು. ‘ಅದಕ್ಕೆ ಮೂಗು ಹಚ್ಚಬೇಡಿ’ ಎಂದರು. ಕಾರ್ಖಾನೆಯ ಸಿಲಿಂಡರ್ ಉಸಿರಿಗೆಂದು ತುಂಬಿದ್ದಲ್ಲ, ಒಳಗೆ ಏನು ಸೇರಿದೆಯೋ ಹೇಳಲು ಬಾರದು. ಕಟಿಂಗ್ ರೆಗ್ಯುಲೇಟರ್ ಒತ್ತಡ ತೋರಿಸುತ್ತದೆಯೇ ಹೊರತು ನಿಮಿಷಕ್ಕೆ ಎಷ್ಟು ಲೀಟರ್ ಎಂದು ತೋರಿಸುವುದಿಲ್ಲ. ನಮ್ಮದು ಪೂರ್ತಿ ಕಪ್ಪು, ಆಸ್ಪತ್ರೆಯದ್ದು ಕಪ್ಪು ಮೈ, ಬಿಳಿ ಹೆಗಲು. ಆ ಬಿಳಿ ಬಣ್ಣಕ್ಕೆ ಅರ್ಥವಿದೆ ಎಂದು ಇಪ್ಪತ್ತು ವರ್ಷ ಸಿಲಿಂಡರ್ ಉರುಳಿಸಿದ ನನಗೆ ಆವತ್ತು ಗೊತ್ತಾಯಿತು.

ಹಾಸನಕ್ಕೆ ಬಂದು ಬಿಳಿ ಹೆಗಲಿನದ್ದನ್ನು ಹುಡುಕುವುದು ಬೇರೆಯೇ ಪಾಡು. ಒಬ್ಬ ಏಜೆನ್ಸಿಯವನು ‘ಪೇಷಂಟ್ ಎಲ್ಲಿ?’ ಎಂದ. ನಾನೇ ಎಂದೆ. ನನ್ನ ತೋಳು ನೋಡಿದ, ಎದೆ ನೋಡಿದ. ‘ತಲೆನೋವಿಗೆ ಆಕ್ಸಿಜನ್ನೇ ಅಣ್ಣ? ಮಾತ್ರೆ ತಗೊಳ್ಳಿ’ ಎಂದು ಬುದ್ಧಿ ಹೇಳಿ ಕಳಿಸಿದ. ಇನ್ನೊಬ್ಬ ಚೀಟಿ ನೋಡಿ, ಠೇವಣಿ ಕಟ್ಟಿಸಿಕೊಂಡು ಕೊಟ್ಟ. ಜತೆಗೆ ಕೊಟ್ಟ ಮಾಸ್ಕ್ ಮಾತ್ರ ಸಾಧಾರಣದ್ದು, ಪಕ್ಕದಲ್ಲಿ ತೂತುಗಳಿದ್ದದ್ದು. ಆ ರಾತ್ರಿ ನಾಲ್ಕು ಲೀಟರಿಗೆ ಇಟ್ಟುಕೊಂಡು ಒಂದು ಗಂಟೆ ಉಸಿರಾಡಿದೆ. ಏನೂ ಆಗಲಿಲ್ಲ. ಡಾಕ್ಟರನ್ನೂ ಏಜೆನ್ಸಿಯವನನ್ನೂ ಒಟ್ಟಿಗೆ ಬೈದೆ.

ತಪ್ಪು ನನ್ನದೇ. ಚೀಟಿಯಲ್ಲಿ ನಿಮಿಷಕ್ಕೆ 12ರಿಂದ 15 ಲೀಟರ್, ಚೀಲವಿರುವ ಮಾಸ್ಕ್, ಹದಿನೈದರಿಂದ ಇಪ್ಪತ್ತು ನಿಮಿಷ ಎಂದು ಸ್ಪಷ್ಟವಾಗಿತ್ತು. ಈ ಮಾಸ್ಕಿನ ಕೆಳಗೆ ಒಂದು ಪಾರದರ್ಶಕ ಚೀಲ ಜೋತಿರುತ್ತದೆ. ಬಿಟ್ಟ ಉಸಿರು ಅದರೊಳಕ್ಕೆ ಹಿಂದಿರುಗದಂತೆ ರಬ್ಬರಿನ ಪದರವಿದೆ. ಮೊದಲು ಚೀಲ ತುಂಬಬೇಕು, ಆಮೇಲೆ ಮುಖಕ್ಕೆ ಬಿಗಿಯಾಗಿ ಒತ್ತಬೇಕು. ಕುರ್ಚಿಯ ಅಂಚಿನಲ್ಲಿ ಮುಂದಕ್ಕೆ ಬಾಗಿ, ಮೊಣಕೈ ತೊಡೆಗೆ ಊರಿ ಕೂತೆ. ಹೆಂಡತಿ ಸ್ಪ್ಯಾನರಿನಿಂದ ಸಿಲಿಂಡರ್ ತೆರೆದಳು. ಮೀಟರಿನೊಳಗಿನ ಪುಟ್ಟ ಗುಂಡು 15ಕ್ಕೆ ಏರಿ ನಡುಗುತ್ತಾ ನಿಂತಿತು. ಚೀಲ ಸೊರಗುತ್ತದೆ, ಉಬ್ಬುತ್ತದೆ. ಐದು ನಿಮಿಷಕ್ಕೆ ಏನಿಲ್ಲ. ಏಳಕ್ಕೆ ಸುತ್ತಿಗೆಯ ಪೆಟ್ಟಿನ ನಡುವೆ ಸ್ವಲ್ಪ ಬಿಡುವು ಬಂತು. ಹನ್ನೊಂದನೇ ನಿಮಿಷಕ್ಕೆ ನಡುಮನೆಯ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಕೇಳಿಸಿತು. ಅಷ್ಟು ವರ್ಷ ಆ ಹೊತ್ತಿನಲ್ಲಿ ನನಗೆ ಬೇರೆ ಯಾವ ಸದ್ದೂ ಕೇಳಿರಲಿಲ್ಲ. ಹದಿನಾಲ್ಕಕ್ಕೆ ಮಾಸ್ಕ್ ತೆಗೆದೆ. ‘ಏನಾಯಿತು, ಬಿಗಿಯಾಯಿತೇ?’ ಎಂದಳು. ‘ಹೋಯಿತು’ ಎಂದೆ. ಇಬ್ಬರೂ ಬೆಳಗಿನವರೆಗೆ ಮಲಗಲಿಲ್ಲ, ಎರಡನೆಯದು ಬರುತ್ತದೆಂದು ಕಾದು ಕೂತೆವು.

ಇದು ನನ್ನೊಬ್ಬನ ಅದೃಷ್ಟವೇನಲ್ಲ. 2009ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪರೀಕ್ಷೆಯಲ್ಲಿ ಆಮ್ಲಜನಕ ಕೊಟ್ಟಾಗ ನೂರಕ್ಕೆ 78 ಸಲ ಕಾಲು ಗಂಟೆಯೊಳಗೆ ನೋವು ಇಳಿದಿತ್ತು. ಅದೇ ಮಾಸ್ಕಿನಲ್ಲಿ ಬರೀ ಗಾಳಿ ಕೊಟ್ಟಾಗ 20 ಸಲ. ಎಲ್ಲರಿಗೂ ಹಿಡಿಸುವುದಿಲ್ಲ, ನನಗೂ ಕೆಲವು ರಾತ್ರಿ ಹಿಡಿಸುವುದಿಲ್ಲ. ಅಂಥ ರಾತ್ರಿಗೆ ಚರ್ಮದಡಿಗೆ ಚುಚ್ಚಿಕೊಳ್ಳುವ ಸುಮಟ್ರಿಪ್ಟಾನ್ ಇಂಜೆಕ್ಷನ್ ಇದೆ, 6 ಮಿಲಿಗ್ರಾಂ. ಹೃದಯದ ತೊಂದರೆ ಇರುವವರಿಗೆ ಅದು ಕೂಡದು. ನಮ್ಮೂರಿನ ಔಷಧಿ ಅಂಗಡಿಯವರು ಬೆಂಗಳೂರಿನಿಂದ ತರಿಸಬೇಕು, ಹಾಗಾಗಿ ಆಯುಧಪೂಜೆಯ ಸಾಮಾನಿನ ಪಟ್ಟಿಯಲ್ಲಿ ಕುಂಬಳಕಾಯಿಯ ಕೆಳಗೆ ಅದೂ ಸೇರಿದೆ. ಸಾಧಾರಣ ನೋವಿನ ಮಾತ್ರೆಗಳು ಕರಗಿ ಏರುವಷ್ಟರಲ್ಲಿ ನೋವೇ ಮುಗಿದಿರುತ್ತದೆ.

ಸಿಲಿಂಡರಿನ ಲೆಕ್ಕ ನನ್ನ ಕಸುಬಿನದ್ದು, ಅದನ್ನು ನಾನೇ ಹಾಕಿದೆ. ಬಿ ಟೈಪಿನಲ್ಲಿ ಸುಮಾರು ಒಂದೂವರೆ ಸಾವಿರ ಲೀಟರ್. ಹದಿನೈದು ಲೀಟರಿನಂತೆ ಹದಿನೈದು ನಿಮಿಷಕ್ಕೆ 225. ಆರು ಸಲಕ್ಕೆ ಬರಿದು. ರಾತ್ರಿಗೆ ಎರಡು ಸಲವಾದರೆ ಮೂರೇ ರಾತ್ರಿ. ಡಿ ಟೈಪಿನಲ್ಲಿ ಏಳು ಸಾವಿರ, ಸರಿಸುಮಾರು ಮೂವತ್ತು ಸಲ. ಶೆಡ್ಡಿನ ಪಿಕಪ್ ಇರುವವನಿಗೆ ದೊಡ್ಡದೇ ಲಾಭ. ಇಟ್ಟಿದ್ದು ದೇವರ ಮನೆಯ ಪಕ್ಕದ ಮೂಲೆಯಲ್ಲಿ, ಎತ್ತಿದ್ದು ಅರ್ಧ ಗಂಟೆಯಲ್ಲಿ: ಅವ್ವನ ದೀಪ ರಾತ್ರಿಯಿಡೀ ಉರಿಯುತ್ತದೆ. ಆಕ್ಸಿಜನ್ ಇದ್ದಲ್ಲಿ ಬೆಂಕಿಯೂ ಬೇಡ, ಎಣ್ಣೆ ಜಿಡ್ಡೂ ಬೇಡ. ಇದನ್ನು ವೆಲ್ಡರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಣೆಗೆ ಮುಲಾಮು ತಿಕ್ಕಲು ಅವ್ವ ಬಟ್ಟಲು ಹಿಡಿದು ಬಂದಾಗ ಮೊದಲ ಬಾರಿಗೆ ಅವಳ ಮೇಲೆ ಕೂಗಾಡಿದೆ. ಆಮೇಲೆ ಅವಳು ದೂರದಲ್ಲಿ, ಬಾಗಿಲ ಬಳಿ, ಸೆರಗು ಬಾಯಿಗೆ ಹಿಡಿದು ನಿಲ್ಲುವುದನ್ನು ಕಲಿತಳು.

ತಡೆಯಲು ವೆರಪಮಿಲ್ ಕೊಟ್ಟರು, ಬಿಪಿಯ ಮಾತ್ರೆ. 80 ಮಿಲಿಗ್ರಾಂ, ದಿನಕ್ಕೆ ಮೂರು. ಪ್ರತಿ ಸಲ ಹೆಚ್ಚಿಸುವ ಮುನ್ನ ಇಸಿಜಿ, ಏಕೆಂದರೆ ಅದು ಹೃದಯದ ಬಡಿತದ ಸಂದೇಶವನ್ನು ನಿಧಾನ ಮಾಡಬಲ್ಲದು. ಅದು ಹತ್ತಿಕೊಳ್ಳುವವರೆಗೆ ಕೆಲವು ದಿನ ಸ್ಟೀರಾಯ್ಡ್. ಮಲಬದ್ಧತೆಯ ಬಗ್ಗೆ ಬರೆಯುವುದಿಲ್ಲ, ಪಪ್ಪಾಯಿ ಮಾರುವವಳು ಬಲ್ಲಳು.

2020ರಲ್ಲಿ ಅವ್ವನ ವಾದ ಮುರಿಯಿತು. ಅಧಿಕ ಮಾಸ ಬಂದು ದೀಪಾವಳಿ ನವೆಂಬರ್ ನಡುವಿಗೆ ಜಾರಿತು. ಹಾಸನಾಂಬೆಯ ಬಾಗಿಲು ಇನ್ನೂ ತೆರೆದಿರಲಿಲ್ಲ, ನನ್ನದು ಅಕ್ಟೋಬರ್ ಮೊದಲ ವಾರವೇ ತೆರೆಯಿತು. ಈ ನೋವು ಚಂದ್ರನನ್ನಲ್ಲ, ಸೂರ್ಯನನ್ನು ನೋಡಿ ಬರುತ್ತದೆ, ಹಗಲು ಕುಗ್ಗುವುದನ್ನು ಮೆದುಳು ಗಮನಿಸುತ್ತದೆ ಎಂದೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ತಾಯಿಯದ್ದೇನೂ ತಪ್ಪಿಲ್ಲ’ ಎಂದಳು. ಆಕೆಗೆ ಆ ಸಮಾಧಾನವೇ ದೊಡ್ಡದಾಗಿತ್ತು.

ಮರುವರ್ಷ ಏಪ್ರಿಲ್‌ನಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಊರೆಲ್ಲ ಆಕ್ಸಿಜನ್ ಹುಡುಕುತ್ತಿತ್ತು. ಕಾರ್ಖಾನೆಗಳಿಗೆ ಸರಬರಾಜು ನಿಲ್ಲಿಸಿದರು, ನನ್ನ ಗ್ಯಾಸ್ ಕಟಿಂಗೂ ನಿಂತಿತು. ಮನೆಯಲ್ಲಿ ಬಿಳಿ ಹೆಗಲಿನ ಡಿ ಟೈಪ್ ಒಂದು ತುಂಬಿ ನಿಂತಿತ್ತು, ನನ್ನ ಕಾಲ ಬರಲು ಇನ್ನೂ ಐದು ತಿಂಗಳು. ಮೂರನೇ ಮನೆಯ ಮೇಷ್ಟರಿಗೆ ಬೇಕಾಯಿತು. ಪಿಕಪ್ಪಿಗೆ ಹತ್ತಿಸುವ ಮುನ್ನ ಒಂದು ಕ್ಷಣ ಕೈ ಹಿಂಜರಿದದ್ದನ್ನು ಒಪ್ಪಿಕೊಳ್ಳುತ್ತೇನೆ. ಹೆಂಡತಿ ಸ್ಪ್ಯಾನರನ್ನೂ ತಂದು ಜತೆಗಿಟ್ಟಳು. ಆ ಅಲೆ ಇಳಿದ ಮೇಲೆ, ಗಾಳಿಯಿಂದಲೇ ನಿಮಿಷಕ್ಕೆ ಐದು ಲೀಟರ್ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಯಂತ್ರಗಳು ಅಲ್ಲಲ್ಲಿ ಅಗ್ಗಕ್ಕೆ ಬಂದವು. ಒಂದನ್ನು ತಂದು ನೋಡಿದೆ. ಐದು ಲೀಟರಿಗೆ ನನ್ನ ನೋವು ಕಿವಿಗೊಡುವುದಿಲ್ಲ.

ಸಿಲಿಂಡರಿನ ಏಜೆನ್ಸಿಯ ಹುಡುಗನೇ ಒಂದು ದಿನ, ‘ಅಣ್ಣ, ನಿಮ್ಮ ಹಾಗೆಯೇ ತಲೆನೋವಿಗೆ ತೆಗೆದುಕೊಂಡು ಹೋಗುವವರು ಇನ್ನೊಬ್ಬರಿದ್ದಾರೆ’ ಎಂದ. ಅರಸೀಕೆರೆ ಕಡೆಯ ಕೊಬ್ಬರಿ ವ್ಯಾಪಾರಿ. ಅವರನ್ನು ಕೇಳಿ ನಂಬರು ಕೊಟ್ಟ. ಹಗಲು ಫೋನ್ ಮಾಡಿ ಏನು ಮಾತಾಡುವುದೋ ತಿಳಿಯಲಿಲ್ಲ. ಕೊಬ್ಬರಿ ಧಾರಣೆ ಮಾತಾಡಿದೆವು. ಆಮೇಲೆ ಅವರು, ‘ನಿಮಗೆ ಯಾವ ಕಡೆ?’ ಎಂದರು. ‘ಬಲ.’ ‘ನನಗೆ ಎಡ. ಎಷ್ಟು ಹೊತ್ತಿಗೆ?’ ‘ಒಂದೂ ನಲವತ್ತು.’ ‘ನನಗೆ ಎರಡೂ ಕಾಲು. ನಿಮ್ಮದು ಮುಗಿದ ಮೇಲೆ ನನ್ನದು’ ಎಂದು ನಕ್ಕರು. ಆ ನಗು ಕೇಳಿ ನನಗೆ ಅಳು ಬಂತು, ವಿಚಿತ್ರ. ಈಗ ನಮ್ಮ ಕಾಲದಲ್ಲಿ ಒಬ್ಬರಿಗೊಬ್ಬರು ಮೊಬೈಲಿನಲ್ಲಿ ಒಂದೇ ಅಕ್ಷರ ಕಳಿಸುತ್ತೇವೆ, ‘ತ’. ಹೆಂಡತಿಯ ಅಕ್ಷರವನ್ನೇ ಅವರಿಗೂ ಕೊಟ್ಟೆ. ಉತ್ತರಕ್ಕೆ ‘ಹೂಂ’ ಬಂದರೆ ಸಾಕು. ಕಳೆದ ವರ್ಷ ಅವರ ರೆಗ್ಯುಲೇಟರ್ ಸೋರುತ್ತಿದೆ ಎಂದಾಗ ಮೊದಲ ಬಸ್ಸಿಗೆ ಹೋಗಿ ವಾಷರ್ ಬದಲಿಸಿ ಬಂದೆ. ಬರುವಾಗ ಚೀಲದ ತುಂಬಾ ಕೊಬ್ಬರಿ ಕೊಟ್ಟರು.

ಮನೆಯವರಿಗೂ ಈಗ ಕೆಲಸ ಹಂಚಿದೆ. ನೋವಿನಲ್ಲಿರುವಾಗ ನನ್ನನ್ನು ಮುಟ್ಟಬಾರದು, ‘ಹೇಗಿದೆ’ ಎಂದು ಕೇಳಬಾರದು. ಹೆಂಡತಿ ಸಿಲಿಂಡರ್ ತೆರೆಯುತ್ತಾಳೆ, ಮಗಳು ಗಡಿಯಾರ ನೋಡುತ್ತಾಳೆ, ಅವ್ವ ದೀಪದ ಬಾಗಿಲು ಮುಚ್ಚುತ್ತಾಳೆ. ಶೆಡ್ಡಿನ ಹುಡುಗರು ಆ ಆರು ವಾರ ನನಗೆ ಏಣಿ ಹತ್ತಲು ಬಿಡುವುದಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು.

ಈ ಸಲ ಸೆಪ್ಟೆಂಬರ್ ಕೊನೆಗೇ ಮಾತ್ರೆ ಶುರು ಮಾಡಿದೆವು. ಒಟ್ಟು ಹತ್ತೊಂಬತ್ತು ‘ತ’, 2018ರಲ್ಲಿ ಅರವತ್ತೇಳಿದ್ದವು. ಹಾಸನಾಂಬೆಯ ಬಾಗಿಲು ಮುಚ್ಚಿ ಹನ್ನೊಂದು ದಿನವಾದ ಮೇಲೆ ಕೊನೆಯದು ಬಂತು. ಅದು ಕೊನೆಯದೆಂದು ಆವತ್ತು ಗೊತ್ತಿರಲಿಲ್ಲ, ಹಾಗಾಗಿ ಇನ್ನೂ ಹದಿನೈದು ದಿನ ಸ್ಪ್ಯಾನರ್ ತಲೆದಿಂಬಿನ ಕೆಳಗೇ ಇತ್ತು. ನಿನ್ನೆ ಅದನ್ನು ಶೆಡ್ಡಿಗೆ ಒಯ್ದೆ. ಹೋಗುವಾಗ ಕ್ಯಾಲೆಂಡರ್ ನೋಡಿದೆ: ಎರಡು ಸಾಲು ಪೂರ್ತಿ ಹಾಲು ಮಾತ್ರ, ಒಂದು ಕಡೆ ‘1½’, ಮಗಳ ಗೆಳತಿಯರು ಬಂದಿದ್ದ ದಿನ.